ತಟ್ಟೆಯಲ್ಲಿ ಏನೂ ಉಳಿಸದ ಅವರೆಕಾಲ

ಹೊಸಕೋಟೆ ಸಂತೆಗೆ ಅವರೆಕಾಯಿ ಹೇರಿಕೊಂಡು ಹೋದ ಗಾಡಿ ಬರಿದಾಗಿ ಊರಿಗೆ ಬಂದರೂ ಅದರ ಹಲಗೆಯಿಂದ ಸೊಗಡು ಬಿಡದ ಕಾಲ ಅದು. ಎಪ್ಪತ್ತರ ದಶಕ ಇನ್ನೂ ಬಂದಿರಲಿಲ್ಲ. ಧನುರ್ಮಾಸದ ಚಳಿ ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಮೂರು ಹೊತ್ತೂ ಅವರೆಯೇ. ಬೆಳಿಗ್ಗೆ ಕಾಳು ಹಾಕಿ ತಟ್ಟಿದ ರೊಟ್ಟಿ, ಮಧ್ಯಾಹ್ನ ಮುದ್ದೆಗೆ ಕಾಳಿನ ಸಾರು, ಸಾಯಂಕಾಲ ಹಿತಕಿದ ಬೇಳೆ. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಬೇಳೆ ಪುಳಕ್ಕನೆ ಹಾರುತ್ತಿತ್ತು. ನಾನೂ ನನ್ನ ತಮ್ಮನೂ ಅದನ್ನು ಪಾತ್ರೆಗೆ ಹಾರಿಸುವುದು ಬಿಟ್ಟು ಒಬ್ಬರ ಮೂಗಿಗೊಬ್ಬರು ಗುರಿಯಿಡುತ್ತಿದ್ದೆವು. ಅಜ್ಜಿ, ಅಂದರೆ ಅಪ್ಪನ ತಾಯಿ, ಕೋಲು ಹುಡುಕುವ ತನಕ ಈ ಆಟ ನಡೆಯುತ್ತಿತ್ತು.

ನಮ್ಮವ್ವ ದಪ್ಪಗಿದ್ದಳು. ಅದನ್ನು ಯಾರೂ ಕಾಯಿಲೆ ಎಂದುಕೊಂಡಿರಲಿಲ್ಲ. ಸೊಸೆ ಮೈ ತುಂಬಿಕೊಂಡಿದ್ದರೆ ಮನೆಯಲ್ಲಿ ಉಣ್ಣಲು ಉಡಲು ಇದೆ ಎಂದು ಊರಿಗೇ ಗೊತ್ತಾಗುತ್ತದೆ ಎಂದು ಅಜ್ಜಿಗೆ ಒಳಗೊಳಗೇ ಹೆಮ್ಮೆ. ನನಗೂ ಹೆಮ್ಮೆಯೇ. ಚಳಿಯಲ್ಲಿ ಅವ್ವನ ಪಕ್ಕ ಮಲಗಲು ನಾನೂ ತಮ್ಮನೂ ಕಿತ್ತಾಡುತ್ತಿದ್ದೆವು.

ಆ ವರ್ಷ ಅವ್ವನಿಗೆ ಕೆಮ್ಮು ಹಿಡಿಯಿತು. ಕೆಮ್ಮಿದಾಗೆಲ್ಲ ಹೊಕ್ಕಳ ಹತ್ತಿರ ನಿಂಬೆಹಣ್ಣಿನಷ್ಟು ಒಂದು ಗಂಟು ಹೊರಗೆ ಬರುತ್ತಿತ್ತು. ಕೈಯಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ತಮ್ಮ ಹುಟ್ಟಿದಾಗಿನಿಂದ ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಒಲೆ ಮುಂದೆ ಹೊಟ್ಟೆ ಹಿಡಿದುಕೊಂಡು ಕುಸಿದಾಗ ಎಲ್ಲ ಹೊರಬಿತ್ತು. ಅಪ್ಪ ಅವತ್ತೇ ಬಸ್ಸು ಹತ್ತಿಸಿಕೊಂಡು ಹೊಸಕೋಟೆಗೆ ಕರೆದುಕೊಂಡು ಹೋದ. ಗಂಡಸು ಡಾಕ್ಟರ ಮುಂದೆ ಒಬ್ಬಳೇ ಹೊಟ್ಟೆ ತೋರಿಸಲು ಅವ್ವ ಒಪ್ಪಲಿಲ್ಲವೆಂದು, ಹೆಣ್ಣುಮಗಳಲ್ಲವೇ, ನನ್ನನ್ನೂ ಜೊತೆಗೆ ಕಳಿಸಿದರು. ಬಸ್ಸಿನಲ್ಲಿ ಹೋಗುವ ಖುಷಿಯಲ್ಲಿ ನನಗೆ ಅವ್ವನ ನೋವು ಮರೆತೇ ಹೋಗಿತ್ತು ಎನ್ನಬೇಕು.

ಡಾಕ್ಟರು ನೋಡಿ, “ಇದು ಹರ್ನಿಯಾ. ಆಪರೇಷನ್ ಆಗಲೇಬೇಕು. ಒಂದಿನ ಈ ಗಂಟು ಹೊರಗೇ ಸಿಕ್ಕಿಹಾಕ್ಕೊಂಡ್ರೆ ಪ್ರಾಣಕ್ಕೆ ಬರುತ್ತೆ” ಎಂದರು. ಅಪ್ಪನ ಮುಖ ಬಿಳುಚಿಕೊಂಡಿತು. “ಹಂಗಾರೆ ಈಗ್ಲೇ ಮಾಡ್ಬಿಡಿ ಸ್ವಾಮಿ” ಎಂದ.

“ಈ ಮೈಯಲ್ಲಿ ಕೊಯ್ದರೆ ಹೊಲಿಗೆ ನಿಲ್ಲಲ್ಲ ಗೌಡ್ರೇ. ಮತ್ತು ಬರೋ ಮದ್ದು ಕೊಟ್ಟರೆ ಉಸಿರಿಗೂ ಕಷ್ಟ. ಮೊದಲು ಮೈ ಇಳಿಸಲಿ. ಭಾರ ಎತ್ತಬಾರದು, ದಿನಾ ನಡೀಬೇಕು, ಊಟ ಕಡಿಮೆ ಮಾಡಬೇಕು. ಶಿವರಾತ್ರಿ ಕಳೆದ ಮೇಲೆ ಬನ್ನಿ, ನೋಡೋಣ.” ಆಮೇಲೆ ಅವ್ವನ ಕಡೆ ತಿರುಗಿ, “ದಿನಕ್ಕೆ ಏನೇನು ತಿಂತೀರಮ್ಮ?” ಎಂದು ಕೇಳಿದರು.

“ನಾನೇನು ತಿಂತೀನಿ ಸ್ವಾಮಿ? ಎಲ್ಲಾರ್ದೂ ಆದ್ಮೇಲೆ ಒಂದು ಸಣ್ಣ ಮುದ್ದೆ.”

“ದಿಟ ಸ್ವಾಮಿ, ನಮ್ಮನೇಲಿ ಎಲ್ರಿಗಿಂತ ಕಮ್ಮಿ ತಿನ್ನೋಳು ಇವ್ಳೇ” ಎಂದು ಅಪ್ಪನೂ ಸಾಕ್ಷಿ ಹೇಳಿದ.

ಡಾಕ್ಟರು ನಂಬದೆ ನನ್ನ ಮುಖ ನೋಡಿದರು. ನನ್ನ ಬಾಯಿ ಯಾವತ್ತು ಸುಮ್ಮನಿತ್ತು? “ತಮ್ಮ ಬಿಟ್ಟಿದ್ನೂ ತಿಂತಾಳೆ, ನಾನು ಬಿಟ್ಟಿದ್ನೂ ತಿಂತಾಳೆ, ಅಪ್ಪನ ತಟ್ಟೇಲಿರೋದನ್ನೂ ತಿಂತಾಳೆ, ಪಾತ್ರೆ ತಳ ಕೆರೆದು ಅದನ್ನೂ ತಿಂತಾಳೆ” ಎಂದುಬಿಟ್ಟೆ. ಅವ್ವ ನನ್ನ ತೊಡೆ ಹಿಂಡಿದ ಹಿಂಡಿಗೆ ಕಣ್ಣಲ್ಲಿ ನೀರು ಬಂತು.

ಆದರೆ ಸುಳ್ಳಲ್ಲವಲ್ಲ! ಅನ್ನ ಚೆಲ್ಲಿದರೆ ಮುಂದಿನ ಜನ್ಮದಲ್ಲಿ ಕಾಗೆಯಾಗಿ ಹುಟ್ಟುತ್ತೀಯ ಎಂದು ಹೆದರಿಸಿ ಬೆಳೆಸಿದ ಹೆಣ್ಣು ಅವಳು. ಒಲೆಯ ಪಕ್ಕ ನಿಂತುಕೊಂಡು, ಎಲ್ಲರ ತಟ್ಟೆಯಲ್ಲಿ ಉಳಿದದ್ದನ್ನು ಬಳಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅದು ಊಟವೆಂದು ಅವಳಿಗೇ ಅನ್ನಿಸಿರಲಿಲ್ಲ. ಊಟವೆಂದರೆ ಕೊನೆಯಲ್ಲಿ ಕೂತು ತಿನ್ನುವ ಆ ಸಣ್ಣ ಮುದ್ದೆ ಮಾತ್ರ.

ಡಾಕ್ಟರು ನಕ್ಕರು. “ಹಾಗಾದ್ರೆ ಪಥ್ಯ ನಿಮ್ಮ ಹೆಂಡತಿಗಲ್ಲ ಗೌಡ್ರೇ, ಮನೆಯವರಿಗೆಲ್ಲ” ಎಂದರು.

ಮನೆಗೆ ಬಂದು ಅಪ್ಪ ವಿಷಯ ಹೇಳಿದಾಗ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಅವಳ ತವರು ಹೊಸೂರಿನ ಕಡೆ. “ಬಡಕಲಿಗೆ ಎಳ್ಳು, ದಪ್ಪಗಿದ್ದೋರಿಗೆ ಹುರುಳಿ ಅಂತ ನಮ್ ಕಡೆ ಒಂದ್ ಮಾತೈತೆ. ನಾಳೆಯಿಂದ ಹುರುಳಿ ಬೇಯ್ಲಿ” ಎಂದಳು. ಅವರೆಕಾಲದಲ್ಲಿ ಹುರುಳಿ ಸಾರು! ನಾವಿಬ್ಬರೂ ಅಳುವುದೊಂದು ಬಾಕಿ. ಆಮೇಲೆ ನಮ್ಮಿಬ್ಬರ ಕಿವಿ ಹಿಡಿದು, “ಬೇಕಾದಷ್ಟೇ ಹಾಕುಸ್ಕೋಬೇಕು. ತಟ್ಟೆ ತೊಳ್ದಂಗಿರ್ಬೇಕು. ಒಂದಗುಳು ಉಳುದ್ರೆ ಬೆನ್ನು ಮುರೀತೀನಿ. ನಿಮ್ಮವ್ವ ಬೇಕಾ, ಬ್ಯಾಡ್ವಾ?” ಎಂದಳು. ಅವ್ವ ಸಾಯಬಹುದು ಎಂದು ನನಗೆ ಮೊದಲು ಹೊಳೆದದ್ದು ಆಗಲೇ. ಅಂದಿನಿಂದ ನಾನು ತಟ್ಟೆಯನ್ನು ನಾಲಿಗೆಯಲ್ಲಿ ನೆಕ್ಕುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡಿದೆ.

ನಮ್ಮದು ಹೇಗೋ ಆಯಿತು. ಕಷ್ಟವಾದದ್ದು ಅಪ್ಪನ ತಟ್ಟೆಯದು.

ನಮ್ಮ ಕಡೆ ಗಂಡ ಉಂಡ ತಟ್ಟೆಯಲ್ಲೇ ಹೆಂಡತಿ ಉಣ್ಣುವುದು ರೂಢಿ. ಅಪ್ಪ ಎಂದೂ ತಟ್ಟೆ ಬರಿದು ಮಾಡಿ ಎದ್ದವನಲ್ಲ. ತುಪ್ಪ ಹೆಚ್ಚಿಗೆ ಬಿದ್ದ ಕಡೆಯ ಒಂದು ತುತ್ತು ಮುದ್ದೆ, ಸಾರಿನ ತಳದ ಗಟ್ಟಿ ಬೇಳೆ, ಹಬ್ಬವಾದರೆ ಅರ್ಧ ಒಬ್ಬಟ್ಟು, ಏನಾದರೊಂದು ಅಂಚಿಗೆ ಸರಿಸಿ ಏಳುತ್ತಿದ್ದ. ಅವರಿಬ್ಬರೂ ನಮ್ಮ ಮುಂದೆ ನಗುತ್ತಾ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. “ಎತ್ತಿಗೆ ನೀರು ಕುಡಿಸಿದ್ಯಾ?” “ಹೂಂ.” ಅಷ್ಟೇ ಅವರ ಮಾತು. ಮಿಕ್ಕಿದ್ದೆಲ್ಲ ಆ ತಟ್ಟೆಯ ಅಂಚಿನಲ್ಲಿ ನಡೆಯುತ್ತಿತ್ತು.

ಆ ಸಂಜೆ ಅಪ್ಪ ತಟ್ಟೆಯನ್ನು ಬಳಿದು ಬಳಿದು ತಿಂದ. ಕೊನೆಗೆ ಬೆರಳೂ ನೆಕ್ಕಿದ. ಯಾರ ಮುಖವನ್ನೂ ನೋಡದೆ ಎದ್ದು ಹೋಗಿ ಜಗುಲಿಯಲ್ಲಿ ಬೀಡಿ ಹಚ್ಚಿದ. ಅವ್ವ ತಟ್ಟೆ ಎತ್ತಿಕೊಂಡು ನೋಡುತ್ತಾ ನಿಂತಳು. ಕಾರಣ ಗೊತ್ತಿತ್ತು ಅವಳಿಗೆ. ಗೊತ್ತಿದ್ದರೂ, “ಒಂದ್ ತುತ್ತೂ ಬಿಟ್ಟಿಲ್ವಲ್ಲತ್ತೆ. ಗಂಡನ್ನ ಕಳ್ಕೊಂಡೋಳಂಗೆ ಬರೀ ತಟ್ಟೇಲಿ ಉಣ್ಣೋದಾ?” ಎಂದು ಅತ್ತಳು.

“ಬಿಡ್ತು ಅನ್ನು!” ಎಂದು ಅಜ್ಜಿ ಗದರಿಸಿದಳು. ಗದರಿಸಿದವಳು ತಾನೂ ಕಣ್ಣೊರೆಸಿಕೊಂಡಳು.

ಇನ್ನು ನಡೆಯುವ ವಿಷಯ. ಈಗ ಕಾಲಿಗೆ ಬೂಟು ಹಾಕಿಕೊಂಡು ಹೆಂಗಸರು ಬೆಳಗಾಗೆದ್ದು ನಡೆಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆಗ ಹಾಗಲ್ಲ. ಕೊಡ ಹೊತ್ತು ಎಷ್ಟು ದೂರ ಬೇಕಾದರೂ ಹೋಗು, ಕೇಳುವವರಿಲ್ಲ. ಬರಿಗೈಯಲ್ಲಿ ನಾಲ್ಕು ಹೆಜ್ಜೆ ಇಟ್ಟೆಯೋ, “ಎಲ್ಲಿಗೆ? ಯಾಕೆ?” ಎಂದು ಊರೇ ಅಡ್ಡ ನಿಲ್ಲುತ್ತಿತ್ತು. ಅವ್ವನೋ ಭಾರ ಎತ್ತುವ ಹಾಗಿಲ್ಲ. ಅಜ್ಜಿ ಬಲು ಚೆನ್ನಾಗಿ ಯೋಚಿಸಿ, ದೇವರ ಹೆಸರು ಹೇಳಿದರೆ ಯಾರೂ ಕೇಳುವುದಿಲ್ಲವೆಂದು, ದಿನಾ ಬೆಳಿಗ್ಗೆ ಕೆರೆ ಹತ್ತಿರದ ಅರಳಿಕಟ್ಟೆ ಸುತ್ತಿ ಬಾ ಎಂದು ಕಳಿಸಿದಳು. ಪಾಪ, ಒಂದು ಮಾತು ಮರೆತಿದ್ದಳು. ನಮ್ಮೂರಲ್ಲಿ ಅರಳಿಕಟ್ಟೆ ಸುತ್ತುವುದು ಮಕ್ಕಳಾಗಲಿ ಎಂದು ಹರಕೆ ಹೊತ್ತವರು!

ವಾರ ತುಂಬುವುದರೊಳಗೆ ಪಕ್ಕದ ಮನೆ ಮುನಕ್ಕ ಬಾಗಿಲಿಗೇ ಬಂದಳು. “ಏನ್ ಲಕ್ಷ್ಮಕ್ಕ, ಇನ್ನೊಂದ್ ಬೇಕು ಅಂತ ಗೌಡ್ರು ಹಟ ಮಾಡ್ತಾವ್ರಾ?” ಎಂದು ಕಿಸಕ್ಕನೆ ನಕ್ಕಳು. ಅವ್ವ ನಾಚಿಕೆಯಿಂದ ಕೆಂಪಾಗಿ ಒಳಗೆ ಸೇರಿದವಳು ಮತ್ತೆ ಕಟ್ಟೆಯ ಕಡೆ ತಲೆ ಹಾಕಲಿಲ್ಲ. “ನಿನ್ ಬಾಯಿಗೆ ಹುಳಾ ಬೀಳಾ!” ಎಂದು ಅಜ್ಜಿ ಮುನಕ್ಕನ ಮೇಲೆ ಹಾರಾಡಿದಳು. ಹಾರಾಡಿ ಏನು ಬಂತು, ನಡಿಗೆ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಮನೆ ತುಂಬ ನೆಂಟರು. ಸಿಹಿ ಪೊಂಗಲು, ಖಾರ ಪೊಂಗಲು, ಬೇಯಿಸಿದ ಅವರೆಕಾಯಿ, ಗೆಣಸು, ಎಳ್ಳುಬೆಲ್ಲ. ನೆಂಟರ ಎಲೆಗೆ ತುಪ್ಪ ಸುರಿದು ಬಡಿಸಿದ್ದೆಲ್ಲ ಅರ್ಧರ್ಧ ಉಳಿಯಿತು. ಅವರಿಗೆ ತಟ್ಟೆ ತೊಳೆದಂಗಿರಬೇಕು ಎಂದು ಹೇಳಲಾದೀತೆ? ಅವ್ವ ಅಷ್ಟು ದಿನ ಬಿಗಿಹಿಡಿದಿದ್ದವಳು ಅವತ್ತು ಅಡುಗೆಮನೆಯ ಮೂಲೆಯಲ್ಲಿ ನಿಂತು ಉಳಿದದ್ದನ್ನೆಲ್ಲ ತಿಂದಳು. ಕರುವಿಗೆ ಹಾಕೋಣವೆಂದರೆ, ಬೆಲ್ಲ ತುಪ್ಪ ಬೆರೆಸಿದ ಪೊಂಗಲನ್ನು ಕರುವಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲವಂತೆ.

ಎತ್ತುಗಳಿಗೆ ಕಿಚ್ಚು ಹಾಯಿಸಲು ಗಂಡಸರೆಲ್ಲ ಹೊರಟಾಗ ಒಳಗೆ ಅವ್ವ ಚೀರಿದಳು. ಗಂಟು ಹೊರಗೆ ಬಂದಿತ್ತು. ಒತ್ತಿದರೆ ಒಳಗೆ ಹೋಗಲೊಲ್ಲದು. ಚಾಪೆಯ ಮೇಲೆ ಮೊಣಕಾಲು ಮಡಚಿಕೊಂಡು ಮಲಗಿ ಬೆವರುತ್ತಿದ್ದಳು. ಅಜ್ಜಿ ಹತ್ತಿರ ಕೂತು ಮನೆದೇವರನ್ನೆಲ್ಲ ಕರೆದಳು. ಅಪ್ಪ ಎತ್ತಿನ ಹಗ್ಗ ಅಲ್ಲೇ ಬಿಸಾಕಿ ಓಡಿಬಂದು, “ಗಾಡಿ ಕಟ್ರಲಾ!” ಎಂದು ಕೂಗುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ತಮ್ಮನ ಕೈ ಬಿಗಿಯಾಗಿ ಹಿಡಿದುಕೊಂಡಿದ್ದೆ. ಅವನು ನೋವಾಗುತ್ತದೆಂದು ಅಳುತ್ತಿದ್ದರೂ ಬಿಡಲಿಲ್ಲ. ಗಾಡಿಗೆ ಹುಲ್ಲು ಹಾಸುವಷ್ಟರಲ್ಲಿ ಯಾವ ದೇವರು ಕಣ್ಣುಬಿಟ್ಟನೋ, ಗಂಟು ತಾನಾಗಿ ಒಳಗೆ ಸರಿಯಿತು. ಅವ್ವ ಸಲೀಸಾಗಿ ಉಸಿರಾಡಿದಳು. ಆಗ ನಮ್ಮಪ್ಪ, ಎಂಥ ಹೋರಿಗೂ ಹೆದರದವನು, ನೆಂಟರೆಲ್ಲರ ಮುಂದೆ ಬಾಗಿಲ ಹತ್ತಿರ ಕುಕ್ಕರಿಸಿ ಅತ್ತುಬಿಟ್ಟ.

ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೊರಡುವಾಗ ಅಜ್ಜಿಗೆ ಹೇಳಿದ, “ಅವ್ವಾ, ಇವತ್ತಿನಿಂದ ನನ್ ಬುತ್ತಿ ಅವಳೇ ತರ್ಲಿ. ತನ್ನ ಪಾಲಿಂದೂ ಅದ್ರಲ್ಲೇ ಕಟ್ಕೊಂಡು ಬರ್ಲಿ. ನನ್ ಕಣ್ ಮುಂದೆ ಉಂಡ್ರೆ ಏನ್ ಉಂಡ್ಲು ಅಂತ ನಂಗೊತ್ತಾಗ್ತದೆ.”

ಹೊಲ ಕೆರೆ ಏರಿ ದಾಟಿ, ಆ ಕಡೆಯ ದಿಣ್ಣೆ ಇಳಿದು ಹೋಗಬೇಕು. ಬುತ್ತಿ ಗಂಟೇನು ಭಾರವಲ್ಲ. ಗಂಡನಿಗೆ ಬುತ್ತಿ ಒಯ್ಯುವವಳನ್ನು ಎಲ್ಲಿಗೆ ಎಂದು ಯಾವ ಮುನಕ್ಕನೂ ಕೇಳುವ ಹಾಗಿಲ್ಲ. ಶನಿವಾರ, ಭಾನುವಾರ ಸ್ಕೂಲಿಲ್ಲದ ಮಧ್ಯಾಹ್ನ ನಾನೂ ಅವಳ ಹಿಂದೆ ಹೋಗುತ್ತಿದ್ದೆ. ಮೊದಮೊದಲು ಏರಿಯ ಮೇಲೆ ಎರಡು ಮೂರು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಬರಬರುತ್ತಾ ನಾನೇ “ಅವ್ವಾ, ನಿಲ್ಲು” ಎಂದು ಕೂಗುವಂತಾಯಿತು.

ನಾನು ಮೊದಲ ಸಲ ಹೋದ ದಿನದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಅಪ್ಪ ಹೊಂಗೆ ಮರದ ಕೆಳಗೆ ಮುತ್ತುಗದ ಎಲೆ ಹಾಸಿದ. ಒಂದಲ್ಲ, ಎರಡು. “ಕೂತ್ಕೋ” ಎಂದ.

“ನಿಮ್ದಾಗ್ಲಿ, ಆಮೇಲೆ ಉಣ್ತೀನಿ.”

“ಆಮೇಲೆ ಗೀಮೇಲೆ ಇಲ್ಲ. ಕೂತ್ಕೋ.”

“ಯಾರಾದ್ರೂ ನೋಡುದ್ರೆ?”

“ನೋಡ್ಲಿ ಬಿಡು. ನಾಚ್ಕೆ ಆದ್ರೆ ಅವ್ರೇ ಆ ಕಡೆ ತಿರುಗ್ಕೋತಾರೆ.”

ಅವ್ವ ಸೆರಗು ಮುಂದಕ್ಕೆಳೆದುಕೊಂಡು ಅರ್ಧ ತಿರುಗಿ ಕೂತಳು. ಅಪ್ಪ ಮುದ್ದೆ ಮುರಿದು ಅವಳ ಎಲೆಗೆ ಅವಳ ಪಾಲಿನದನ್ನು ಇಟ್ಟ. ತುಪ್ಪವಿಲ್ಲ, ಒಂದಿಷ್ಟು ಸೊಪ್ಪಿನ ಸಾರು, ಒಂದು ಈರುಳ್ಳಿ. ಅದನ್ನು ಕಲ್ಲಿನಲ್ಲಿ ಜಜ್ಜಿ ಅರ್ಧ ಅವಳಿಗೆ ಕೊಟ್ಟ. ಹೊಟ್ಟೆ ಹಸಿದ ಹೊತ್ತಿಗೆ, ಕೂತುಕೊಂಡು, ತನ್ನದೇ ಎಲೆಯಲ್ಲಿ ನಮ್ಮವ್ವ ಉಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. ಕೆಲವು ದಿನ ಕಳೆದ ಮೇಲೆ ಅವಳು ಅರ್ಧ ತಿರುಗುವುದೂ ನಿಂತಿತು. ಅಪ್ಪ ಮುನಕ್ಕನ ಹಾಗೆ ಕುತ್ತಿಗೆ ಕೊಂಕಿಸಿ, “ಇನ್ನೊಂದ್ ಬೇಕಾ ಲಕ್ಷ್ಮಕ್ಕ?” ಎಂದು ಅಣಕಿಸಿದರೆ ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವರಿಬ್ಬರಿಗೂ ಅಷ್ಟೊಂದು ಮಾತು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಪಕ್ಕದಲ್ಲಿದ್ದೇನೆ ಎನ್ನುವುದನ್ನೂ ಒಮ್ಮೊಮ್ಮೆ ಮರೆಯುತ್ತಿದ್ದರು.

ಶಿವರಾತ್ರಿಯ ಹೊತ್ತಿಗೆ ಅವ್ವನ ರವಿಕೆಗಳನ್ನೆಲ್ಲ ಹಿಡಿದು ಹೊಲಿಯಬೇಕಾಯಿತು. ಹೊಸಕೋಟೆ ಡಾಕ್ಟರು “ಭೇಷ್” ಎಂದು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಆಪರೇಷನ್ ಆಗಿ, ಹೊಲಿಗೆ ಚೆನ್ನಾಗಿ ಕೂಡಿಕೊಂಡು, ಯುಗಾದಿಯ ಹೊತ್ತಿಗೆ ಅವ್ವ ಮನೆಗೆ ಬಂದಳು. ಅಜ್ಜಿ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ಹಸಿ ಮೈಯೆಂದು ಹೊರಗೆ ಬಿಡಲಿಲ್ಲ, ಬುತ್ತಿ ಒಯ್ಯುವ ಕೆಲಸ ನನಗೆ ಬಂತು. ಮೊದಲ ಮಳೆಗೆ ಹೊಲದ ಕೆಲಸ ಏರಿತು, ಆಳುಕಾಳು ಬಂದರು. ಅವ್ವ ಮತ್ತೆ ಒಲೆ ಮುಂದೆ, ಎಲ್ಲರದ್ದೂ ಆದ ಮೇಲೆ ಊಟ. ಅಪ್ಪನೂ ಮತ್ತೆ ತಟ್ಟೆಯಂಚಿಗೆ ತುತ್ತು ಸರಿಸಿ ಏಳತೊಡಗಿದ. ಎಲ್ಲ ಮೊದಲಿನಂತಾಯಿತೆಂದು ನಮಗೆಲ್ಲ ಸಮಾಧಾನ.

ಈಗ ನಾನೂ ದಪ್ಪಗಿದ್ದೇನೆ, ಸಕ್ಕರೆ ಕಾಯಿಲೆಯೂ ಇದೆ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂದು ಹೇಳಲು ಮೊಬೈಲಿದೆ. ಹೇಳುವವರಿಗೇನೂ ಬರವಿಲ್ಲ, ಜೊತೆಗೆ ಕೂತು ಉಣ್ಣುವವರದ್ದೇ ಬರ. ನಮ್ಮ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಹೊತ್ತು. ಹೊಲವಿದ್ದ ಜಾಗದಲ್ಲಿ ಸೈಟುಗಳಾಗಿವೆ. ಅಪ್ಪ ಹೋಗಿ ಎಷ್ಟೋ ವರ್ಷವಾಯಿತು. ಆಮೇಲೆ ಅವ್ವ ನನ್ನ ಹತ್ತಿರ ಬಂದಿದ್ದಳು. ಒಂದು ಮಧ್ಯಾಹ್ನ ಅವಳ ಕಾಲು ಒತ್ತುತ್ತಾ ಆ ಸಂಕ್ರಾಂತಿಯ ಸುದ್ದಿ ತೆಗೆದೆ. ಎಷ್ಟು ಹೆದರಿದ್ದೆವು, ಸದ್ಯ ಆ ಗಂಟು ಹೋಯಿತಲ್ಲ ಎಂದೆ.

“ಇನ್ನೊಂದಷ್ಟು ದಿನ ಇರ್ಬೇಕಾಗಿತ್ತು ಕಣೆ ಅದು” ಎಂದಳು ಅವ್ವ.

“ಥೂ, ಬಿಡ್ತು ಅನ್ನು! ಯಾಕೆ?”

“ಅದು ಹೋದ್ಮೇಲೆ ನಿಮ್ಮಪ್ಪ ಒಂದ್ ದಿನಾನೂ ಕೂತ್ಕೋ ಅನ್ನಲಿಲ್ಲ.”

ನನಗೆ ಸಿಟ್ಟೇ ಬಂತು. ಅಪ್ಪನ ಮೇಲೋ, ಇವಳ ಮೇಲೋ, ಎಲ್ಲ ಮೊದಲಿನಂತಾಯಿತೆಂದು ಖುಷಿಪಟ್ಟ ನಮ್ಮೆಲ್ಲರ ಮೇಲೋ ತಿಳಿಯದು. “ನೀನೇ ಬಾಯಿಬಿಟ್ಟು ಹೇಳಬಾರದಿತ್ತಾ ಅವ್ವಾ, ನಾನೂ ಜೊತೆಗೆ ಕೂತ್ಕೋತೀನಿ ಅಂತ?” ಎಂದೆ.

ಅವ್ವ ನನ್ನನ್ನು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನೋಡಿದಳು.

“ಕೇಳಿ ಕೂತ್ಕೊಳ್ಳೋದಾ ಅದು?” ಎಂದಳು.