ಅಗಲ ಗಾಲಿ, ಸಣ್ಣ ಗಾಲಿ

ನಾವು ಅಣ್ಣತಮ್ಮಂದಿರು ಬೇರೆಯಾದಾಗ ಹೊಲ ಹಂಚಿಕೊಂಡೆವು, ಮನೆಯ ನಡುವೆ ಗೋಡೆ ಎಬ್ಬಿಸಿದೆವು. ಜೋಡೆತ್ತಿನಲ್ಲಿ ಎಡಗಡೆಯದು ಅಣ್ಣನಿಗೆ, ಬಲಗಡೆಯದು ನನಗೆ ಬಂತು. ಮಾತು ನಿಂತುಹೋಗಿತ್ತು. ಆದರೆ ಗಾಡಿ ಓಡಿಸುವ ಶರ್ಯತ್ತು ಬಂದರೆ ಎರಡೂ ಎತ್ತು ಒಂದೇ ನೊಗಕ್ಕೆ ಬರಬೇಕು. ಬೇರೆ ಎತ್ತಿನ ಜೊತೆ ಅವು ಓಡುವುದಿಲ್ಲ. ಆ ದಿನದ ಮಟ್ಟಿಗೆ ನಾವು ಅಣ್ಣತಮ್ಮಂದಿರು.

ಗಾಡಿ ನಾನೇ ಮಾಡಿದ್ದು. ಐದನೇ ಇಯತ್ತೆಗೆ ಸಾಲಿ ಬಿಟ್ಟು ನಮ್ಮ ಬೈಲಹೊಂಗಲದಲ್ಲೇ ವೆಲ್ಡಿಂಗ್ ಕಲಿತವನು ನಾನು. ಪೈಪು ಕೂಡಿಸಿ, ಬೈಕಿನ ಸಣ್ಣ ಗಾಲಿ ಹಾಕಿ, ಒಬ್ಬನೇ ಹೆಗಲಿಗೆ ಎತ್ತಿಕೊಳ್ಳುವಷ್ಟು ಹಗುರ ಮಾಡಿದ್ದೆ. ಓಡಿಸುವವನು ಅಣ್ಣ. ಹಿಂದಿನ ಶರ್ಯತ್ತಿನಲ್ಲಿ ಹೊಲದ ಕೊನೆಗೆ ನೆಟ್ಟ ನಿಶಾನೆ ಸುತ್ತಿ ತಿರುಗುವಾಗ ಗಾಡಿ ಮಗುಚಿ ಅವನ ಭುಜಕ್ಕೆ ಪೆಟ್ಟಾಗಿತ್ತು. ಅವನ ಪ್ರಕಾರ ತಪ್ಪು ನನ್ನ ಸಣ್ಣ ಗಾಲಿಯದಂತೆ. ಹಗ್ಗ ಜಗ್ಗಿ ಒಮ್ಮೆಲೇ ತಿರುಗಿಸಿದವನು ಇವನು.

ಯರಗಟ್ಟಿ ಹತ್ತಿರದ ಶರ್ಯತ್ತಿಗೆ ಹೋಗಿ ನೋಡಿದರೆ, ನನ್ನನ್ನು ಕೇಳದೆ ಅಗಲ ಗಾಲಿ ಕೂಡಿಸಿ ತಂದಿದ್ದ. ಅದು ಕಪ್ಪು ಎರೆ ಮಣ್ಣಿನ ಹೊಲ, ಮೇಲೆ ಒಣಗಿ ಒಳಗೆ ಹಸಿ. ನಡೆದರೆ ಚಪ್ಪಲಿಗೆ ಮಣ್ಣು ಮೆತ್ತುತ್ತಿತ್ತು.

“ಇವ್ಯಾಕ?” ಅಂದೆ.

ಫೋನಿನಲ್ಲಿ ರೇಸ್ ಕಾರು ತೋರಿಸಿದ. “ನೋಡು, ಎಷ್ಟ ಅಗಲ ಅದಾವ. ನೆಲಾ ಕಚ್ಚಿ ಹಿಡೀತಾವ. ಪಲ್ಟಿ ಆಗಂಗಿಲ್ಲ.”

“ಕಾರಿನ ಗಾಲಿ ತಾನ ಕಾರ್ ಜಗ್ಗತೈತಿ. ಅದಕ್ಕ ನೆಲಾ ಹಿಡೀಬೇಕು. ನಮ್ಮ ಗಾಡಿ ಜಗ್ಗಾವು ಎತ್ತು. ಗಾಲಿ ನೆಲಾ ಬಿಡಬೇಕು. ಈ ಮಣ್ಣ ಮೆತ್ಕೊಂಡ್ರ ಎತ್ತ ಓಡ್ಯಾವೋ, ಹೊಲಾ ಹೊತ್ತಾವೋ?”

“ಬಿದ್ದಾಂವ ನಾನು. ಬದುವಿನ ಮ್ಯಾಲ ನಿಂತ ಶೀಟಿ ಹೊಡ್ಯಾಂವಗ ಏನ್ ಗೊತ್ತ?”

“ನಡಸಾಕ ಬರದಿದ್ರ ಇಳಿ.”

“ನಿನ್ನ ಎತ್ತ ಬಿಚ್ಕೊಂಡ ಹೋಗ ಹಂಗಾರ.”

ಗಾಡಿ ಬಿಡಲು ಬಾವುಟ ಹಿಡಿದು ನಿಂತಿದ್ದ ಹಿರಿಯ ಕೂಗಿದ: “ಏ ಬೈಲಹೊಂಗಲದವ್ರ, ನಿಮ್ಮ ಪಾಲಾ ಮನ್ಯಾಗ ಮಾಡ್ಕೋರಿ. ಗಾಡಿ ಓಡಸ್ತೀರೋ ಇಲ್ಲೋ?”

ನಾನು ನನ್ನ ಎತ್ತು ಬಿಚ್ಚಿದೆ. ನೊಗ ಒಂದು ಬದಿಗೆ ವಾಲಿತು. ಜನ ನಕ್ಕರು, ನಗಲಿ. ನಾನು ತಿರುಗಿ ನೋಡಲಿಲ್ಲ. ಎತ್ತು ಮಾತ್ರ ಕೊರಳು ತಿರುಗಿಸುತ್ತಲೇ ಇತ್ತು, ಹಗ್ಗ ಹಿಡಿದು ಎಳೆದುಕೊಂಡು ಬಂದೆ.

ಆಮೇಲೆ ನಮ್ಮ ಜೋಡಿ ಓಡಿಲ್ಲ. ನೊಗದ ಹತ್ತಿರ ತಂದರೆ ನನ್ನ ಎತ್ತು ಈಗಲೂ ಬಲಕ್ಕೇ ಹೋಗಿ ನಿಲ್ಲುತ್ತದೆ. ಎಡಕ್ಕೆ ಬೇರೆ ಎತ್ತು ಕಟ್ಟಿದರೆ ತಿವಿಯುತ್ತದೆ. ಗೋಡೆಯ ಆಚೆ ಅವನದೂ ಹಾಗೇ ಅಂತೆ.

ಮೊನ್ನೆ ಓಣಿಯ ಹಿರಿಯರೊಬ್ಬರು ರಾಜಿ ಮಾಡಿಸಲು ನಮ್ಮ ಅಂಗಳಕ್ಕೆ ಬಂದಿದ್ದರು. “ಗಾಲಿ ತಗದ ಒಗೀಲಿ, ಎತ್ತ ತರತೇನಿ,” ಅಂದೆ, ಆಚೆಗೆ ಕೇಳುವಷ್ಟು ಗಟ್ಟಿಯಾಗಿ. ಗೋಡೆಯ ಆಚೆ ಅಣ್ಣ ಕೆಮ್ಮಿದ. ಹಿರಿಯರು ಚಹಾ ಕುಡಿದು ಎದ್ದು ಹೋದರು.