ಅಮ್ಮನ ಎತ್ತರದ ಕಟ್ಟೆ

ದೀಪದ ಕಂಬಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಅಡುಗೆಮನೆ ಒಡೆದಾಗಿನಿಂದ ದೇವರು ನಮ್ಮ ಮಲಗುವ ಕೋಣೆಯ ಕಪಾಟಿನಲ್ಲಿದ್ದ. ಎಷ್ಟು ಬಟ್ಟೆ ಮುಚ್ಚಿದರೂ ಸಿಮೆಂಟಿನ ಪುಡಿ ಅವನನ್ನೂ ಬಿಟ್ಟಿರಲಿಲ್ಲ. ಆಗ ಮೈಸೂರಿನಿಂದ ಅಣ್ಣನ ಫೋನು ಬಂತು. ಕೈಯೆಲ್ಲ ಹುಳಿ, ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ.

"ಅಮ್ಮ ಬರೋದು ಈ ಸಲ ಆಗಲ್ಲ ಕಣೇ" ಅಂದ. ಅವನ ಮಗಳು ಬಸುರಿ. ಹೆರಿಗೆ ಗಂಡನ ಊರಲ್ಲೇ ಅಂದಿದ್ದವಳು ಈಗ ತವರಿಗೇ ಬರುತ್ತೇನೆ ಅನ್ನುತ್ತಿದ್ದಾಳಂತೆ. "ಬಾಣಂತನಕ್ಕೆ ಅಜ್ಜಿ ಇರಲೇಬೇಕು ಅಂತ ಹಟ. ಅಮ್ಮನಿಗೂ ಆಸೆ. ಟಿಕೆಟ್ ಕ್ಯಾನ್ಸಲ್ ಮಾಡಿಸ್ಬಿಟ್ಟೆ."

"ಒಳ್ಳೇದೇ ಆಯ್ತು ಬಿಡಣ್ಣ" ಅಂದೆ. ಮನೆಗೆ ಮಗು ಬರುವ ಸುದ್ದಿಗೆ ಇನ್ನೇನು ಅನ್ನುವುದು.

ಈ ಅಡುಗೆಮನೆ ಒಡೆಸಿದ್ದೇ ಅಮ್ಮನಿಗಾಗಿ. ಮಯೂರ್ ವಿಹಾರ್‌ನ ನಮ್ಮ ಫ್ಲ್ಯಾಟಿನಲ್ಲಿ ಹಗಲೆಲ್ಲ ನಾನೊಬ್ಬಳೇ. ಇವರು ಬೆಳಿಗ್ಗೆ ನೋಯ್ಡಾಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಮಗಳು ಕಾಲೇಜಿಂದ ಬಂದರೆ ಹಿಂದಿಯಲ್ಲೇ ಮಾತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ "ಹಾಂ ಮಮ್ಮಾ" ಅಂದು ಕೋಣೆ ಸೇರುತ್ತಾಳೆ. ನನಗೆ ಜೊತೆಯಲ್ಲಿ ಕೂತು ಮಾತಾಡುವ ಒಂದು ಜೀವ ಬೇಕಿತ್ತು. ಚಳಿ ಮುಗಿಯುವ ತನಕ ಇದ್ದು ಹೋಗಮ್ಮ ಅಂದರೆ ಅವಳದ್ದು ಒಂದೇ ಮಾತು: "ನನ್ನ ಮಡಿ ಅಡುಗೆ ಎಲ್ಲಿ ಮಾಡ್ಕೊಳ್ಳಲೇ? ನಿನ್ನ ಕಟ್ಟೆ ಮುಂದೆ ಸೆಂಟ್ರಿ ಹಾಗೆ ನಿಂತಿರೋಕೆ ನನ್ನ ಮಂಡಿ ಕೇಳಲ್ಲ." ಸ್ನಾನ ಮಾಡಿ, ಮಡಿಯುಟ್ಟು, ತಾನೇ ಬೇಯಿಸಿದ್ದನ್ನಲ್ಲದೆ ಅವಳು ಉಣ್ಣುವವಳಲ್ಲ. ನೆಲದ ಮೇಲೂ ಕೂರಲಾಗುವುದಿಲ್ಲ.

ಹೇಗೂ ಹಳೇ ಅಡುಗೆಮನೆ ಸೋರುತ್ತಿತ್ತು. ಒಡೆಸುವಾಗ ಕಿಟಕಿಯ ಪಕ್ಕ ಒಂದು ಗಿಡ್ಡ ಕಟ್ಟೆ, ಅದಕ್ಕೆ ಬೇರೆ ನಲ್ಲಿ ಮಾಡಿಸೋಣ ಅಂದುಕೊಂಡೆ. ನಾನೂ ಅಮ್ಮನಷ್ಟೇ ಎತ್ತರ. ಬೆತ್ತದ ಪೀಠ, ಇಲ್ಲಿಯವರ ಮೋಡಾ, ತಂದಿಟ್ಟು, ಅದರ ಮೇಲೆ ಕೂತು, ಪಾತ್ರೆಯಲ್ಲಿ ಸೌಟಾಡಿಸುವ ಹಾಗೆ ಕೈ ಚಾಚಿ ಮಿಸ್ತ್ರಿಗೆ ಎತ್ತರ ತೋರಿಸಿದೆ. ಅವನು ಗೋಡೆಗೆ ಪೆನ್ಸಿಲ್ ಗೀಟು ಹಾಕಿದ. ಮಾರನೆಯ ದಿನ ನಾನು ದೇವಸ್ಥಾನದಿಂದ ಬರುವಷ್ಟರಲ್ಲಿ ಕಟ್ಟೆ ನನ್ನ ಸೊಂಟದ ತನಕ ಎದ್ದು ನಿಂತಿತ್ತು.

"ನೀವು ಮರೆತು ತಗ್ಗಾಗಿ ಹೇಳಿರ್ತೀರಿ ಅಂತ ನಾನೇ ಸರಿ ಮಾಡಿದೆ ಭಾಭೀಜಿ" ಅಂದ ಹಿಂದಿಯಲ್ಲಿ. "ಇಷ್ಟು ಗಿಡ್ಡ ಕಟ್ಟೆ ಮೇಲೆ ಯಾರು ಅಡುಗೆ ಮಾಡ್ತಾರೆ, ಮೊಲವಾ?"

"ನಮ್ಮಮ್ಮ ಮಾಡ್ತಾರೆ ಭಯ್ಯಾ. ಒಡೀರಿ."

ಒಡೆದ. ಅಷ್ಟರಲ್ಲಿ ಗಾಳಿ ಕೆಟ್ಟಿತು. ಈ ಊರಲ್ಲಿ ಹೊಗೆ ಕವಿದರೆ ಸರ್ಕಾರದ ಆದೇಶ, ಕಟ್ಟುವ ಒಡೆಯುವ ಕೆಲಸವೆಲ್ಲ ನಿಲ್ಲಿಸಬೇಕು. ಸೊಸೈಟಿಯ ಗಾರ್ಡ್ ಬಂದು ಕಲ್ಲು ಕೊಯ್ಯುವ ಮಷೀನನ್ನು ಆರಿಸಿ ಹೋದ. ದೀಪಾವಳಿಗೆ ಬರಬೇಕಿದ್ದ ಅಮ್ಮನ ಟಿಕೆಟ್ಟು ಮುಂದಕ್ಕೆ ಹೋಯಿತು. ವಾರಗಟ್ಟಲೆ ಬಾಲ್ಕನಿಯಲ್ಲಿ ಸ್ಟೌ ಇಟ್ಟುಕೊಂಡು, ಗಾಳಿಗೆ ಉರಿ ಆರದ ಹಾಗೆ ರಟ್ಟು ಅಡ್ಡ ಹಿಡಿದು ಸಾರು ಕುದಿಸಿದೆ. ಆದರೂ ದೇವರು ದೊಡ್ಡವನು: ಮಗಳಿಗೆ ಕೆಮ್ಮು ಬರಲಿಲ್ಲ, ಮೇಲಿನ ಮನೆಯ ಸರ್ದಾರ್ನಿ ಆಂಟಿ ಆಗಾಗ ಬಿಸಿ ಪರಾಠಾ ಕಳಿಸಿದರು, ಮಿಸ್ತ್ರಿ ಬೇರೆ ಕೆಲಸ ಹಿಡಿದು ಮಾಯವಾಗಲಿಲ್ಲ. ಕೆಲಸ ಮತ್ತೆ ಶುರುವಾಗಿ, ಗಿಡ್ಡ ಕಟ್ಟೆಯ ಇಟ್ಟಿಗೆ ಏರಿ, ನಲ್ಲಿಯೂ ಕೂತಿತು. ಮೇಲೆ ಕಲ್ಲು ಹಾಸುವುದೊಂದೇ ಬಾಕಿ. ಆಗ ಬಂತು ಈ ಫೋನು.

ಅಣ್ಣ ಅಮ್ಮನಿಗೆ ಕೊಟ್ಟ.

"ಬೇಜಾರಾಯ್ತೇನೇ?"

"ಇಲ್ಲಮ್ಮ."

"ನೀನು ಆ ಊರಿಗೆ ಹೊಂದಿಕೊಂಡ್ಬಿಟ್ಟಿದೀಯ. ಈ ಹುಡುಗಿಗೆ ಏನೂ ತಿಳಿಯಲ್ಲ." ಆಮೇಲೆ "ನಂಗೆ ಅಂತ ಕಟ್ಟೆ ಮಾಡಿಸ್ತಿದೀಯಂತೆ" ಅಂದಳು.

"ಅಡುಗೆಮನೆ ಹೇಗೂ ಒಡೆದಿತ್ತಲ್ಲಮ್ಮ."

"ಮುಂದಿನ ವರ್ಷ ನೋಡೋಣ. ಮಗು ಸ್ವಲ್ಪ ಕೂರೋ ಹಾಗಾಗ್ಲಿ."

ಮುಂದಿನ ವರ್ಷ ಆ ಮಗು ಅಂಬೆಗಾಲಿಡುತ್ತದೆ. ಅದನ್ನು ಬಿಟ್ಟು ಅವಳು ಬರುತ್ತಾಳೆಯೇ? ಅಮ್ಮನಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಹೂಂ ಅಂದೆವು.

ಫೋನಿಟ್ಟು ಅಡುಗೆಮನೆಗೆ ಹೋದೆ. ಮಿಸ್ತ್ರಿ ಗಿಡ್ಡ ಕಟ್ಟೆಯ ಮೇಲೆ ಸಿಮೆಂಟಿನ ಮಸಾಲೆ ಹರಡಿ, ಕರಿಕಲ್ಲು ಎತ್ತಲು ಬಗ್ಗಿದ್ದ.

"ಭಯ್ಯಾ, ಸ್ವಲ್ಪ ನಿಲ್ಲಿ. ಇದನ್ನು ಮೇಲಕ್ಕೆ ಎತ್ತರಿಸೋಕಾಗುತ್ತಾ? ಆ ಪಕ್ಕದ ಕಟ್ಟೆಯ ಸಮಕ್ಕೆ?"

ಅವನು ಕಲ್ಲು ಬಿಟ್ಟು ನೆಟ್ಟಗಾದ. "ಎತ್ತರ ಮಾಡಿದ್ದನ್ನು ಒಡೆಸಿದ್ದು ನೀವೇ ಅಲ್ವಾ ಭಾಭೀಜಿ?"

"ಹೌದು. ಅಮ್ಮ ಬರ್ತಿಲ್ಲ."

ಈ ಸಲ ಅವನು ತಮಾಷೆ ಮಾಡಲಿಲ್ಲ. "ಮುಂದೆ ಯಾವಾಗಾದ್ರೂ ಬಂದ್ರೆ? ಇರಲಿ ಅಂದ್ರೆ ಹೀಗೇ ಬಿಡ್ತೀನಿ" ಅಂದ. ಕಿಟಕಿಯ ಕಡೆ ನೋಡಿದೆ. ಗಿಡ್ಡ ಕಟ್ಟೆ ಹಾಗೇ ಉಳಿದರೆ ನಾನು ದಿನಾ ಎದ್ದು ಹಾಲು ಕಾಯಿಸುವಾಗ ಅದು ಖಾಲಿ ಕೂತಿರುತ್ತದೆ. ಅಷ್ಟು ಗಟ್ಟಿ ಮನಸ್ಸು ನನಗಿಲ್ಲ.

"ಎತ್ತರಿಸಿ" ಅಂದೆ. "ಬಂದರೆ ಕೂರಿಸಿ ನಾನೇ ಮಡಿಯಲ್ಲಿ ಮಾಡಿ ಹಾಕ್ತೀನಿ. ಉಂಡರೆ ಉಣ್ಣಲಿ."

ಪುಣ್ಯಕ್ಕೆ ಕಲ್ಲು ಕೂತಿರಲಿಲ್ಲ, ಮಸಾಲೆ ಹಸಿಯಾಗಿತ್ತು. ಕೆರೆದು ತೆಗೆದರೆ ಸಾಕು, ಈ ಸಲ ಒಡೆಯುವುದು ಬೇಡ ಅಂದ ಅವನು. ಅದನ್ನೂ ದೇವರ ದಯೆ ಅಂತಲೇ ಇಟ್ಟುಕೊಂಡೆ. ಅವನು ಕರಣೆಯಲ್ಲಿ ಕೆರೆಯತೊಡಗಿದಾಗ ನಿಂತು ನೋಡಲಾಗದೆ ಹೊರಗೆ ಬಂದೆ.

ಸಂಜೆಯ ನೀರು ಬಿಟ್ಟಿದ್ದರು. ಕೆಲಸದವರು ಬಚ್ಚಲ ಡ್ರಮ್ಮು ಬರಿದು ಮಾಡಿದ್ದರು. ಸೆರಗು ಸಿಕ್ಕಿಸಿ, ಪೈಪು ಜೋಡಿಸಿ, ತುಂಬಲಿಕ್ಕೆ ಬಿಟ್ಟೆ.