ಕಾರಿಗೆ ಎಂತ ಆಯ್ತು?

ನಮ್ಮ ಯಜಮಾನರು ದುಬೈಯಿಂದ ರಜೆಗೆ ಬಂದಾಗ ಹೊಸ ಕಾರು ತೆಗೆದರು. ರಜೆ ಮುಗಿದ ದಿನ ಅವರನ್ನು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿಸಿ, ಪಡೀಲಿನ ಮನೆಗೆ ನಾನೊಬ್ಬಳೇ ಓಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಕಾರು ನನಗೆ ಬುದ್ಧಿ ಹೇಳಿತು.

ಎಂಥ ಕಿರಿಕಿರಿಯ ಕಾರು ಮಾರಾಯ್ರೆ. ಪಕ್ಕದ ಸೀಟಿನಲ್ಲಿ ಕುಚ್ಚಲಕ್ಕಿ ಚೀಲ ಇಟ್ಟರೆ ಅದಕ್ಕೂ ಬೆಲ್ಟ್ ಹಾಕು ಅಂತ ಬೊಬ್ಬೆ. ಹಾಕಿದೆ. ಕದ್ರಿಯಲ್ಲಿ ಬೈಕಿನವನೊಬ್ಬ ಬಗ್ಗಿ ಬಗ್ಗಿ ಚೀಲವನ್ನೇ ನೋಡಿದ. ರಿವರ್ಸ್ ತೆಗೆಯುವಾಗ ಗೇಟಿನ ಹತ್ತಿರದ ದಾಸವಾಳದ ಎಲೆ ಅಲುಗಿದರೂ ಕಿರುಚುತ್ತದೆ. ಗೆರೆ ದಾಟಿದೆ ಅಂತ ಸ್ಟೇರಿಂಗ್ ನಡುಗಿಸುತ್ತದೆ. ನಮ್ಮ ರಸ್ತೆಯಲ್ಲಿ ಗೆರೆ ಎಲ್ಲುಂಟು? ಸ್ವಲ್ಪ ಹೆಚ್ಚು ಹೊತ್ತು ಓಡಿಸಿದರೆ ಪರದೆಯಲ್ಲಿ ಕಾಫಿ ಕಪ್ಪಿನ ಚಿತ್ರ, ದಣಿವಾಗಿರಬೇಕು ನಿಲ್ಲಿಸು ಅಂತ. ಕಾಫಿ ಬೇಕಾ ಅಂತ ನನ್ನನ್ನು ಕೇಳಲಿಕ್ಕೆ ಈಗ ಇರುವುದು ಅದೊಂದೇ.

ಎಲ್ಲಕ್ಕಿಂತ ಕೆಟ್ಟದ್ದು ಅದರ ಚಾಡಿ ಬುದ್ಧಿ. ನಾನು ಬಾಗಿಲು ತೆಗೆದರೂ, ಜೋರಾಗಿ ಬ್ರೇಕ್ ಒತ್ತಿದರೂ ದುಬೈಯಲ್ಲಿರುವ ಇವರ ಮೊಬೈಲಿಗೆ ವರದಿ ಹೋಗುತ್ತದೆ. ಕೂಡಲೇ ಫೋನ್. ಮೊದಲೆಲ್ಲ ಇವರ ಮೊದಲ ಮಾತು "ವನಸ್ ಆಂಡಾ?" ಊಟ ಆಯ್ತಾ ಅಂತ ಕೇಳದೆ ತುಳುವರಾದ ನಾವು ಮಾತೇ ಶುರು ಮಾಡುವುದಿಲ್ಲ. ಈಗ ಬಾಯಿ ತೆಗೆದರೆ "ಕಾರಿಗೆ ಎಂತ ಆಯ್ತು?"

ಕಾರು ಸುಮ್ಮನೆ ನಿಂತ ದಿನ ಫೋನೇ ಇಲ್ಲ. ಅದು ಗೊತ್ತಾದ ಮೇಲೆ ನಾನು ಸುಮ್ಮಸುಮ್ಮನೆ ಬಾಗಿಲು ತೆಗೆದು ಮುಚ್ಚಲಿಕ್ಕೆ ಕಲಿತೆ. ನಗಬೇಡಿ. ನನಗೆ ಅವರ ಸ್ವರ ಕೇಳಬೇಕಿತ್ತು.

ಮೊನ್ನೆ ಆದಿತ್ಯವಾರ ಮಧ್ಯಾಹ್ನ ಒಬ್ಬಳಿಗೋಸ್ಕರ ಅನ್ನ ಮಾಡುವ ಮನಸ್ಸಾಗಲಿಲ್ಲ. ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿ, ಎಸಿ ಹಾಕಿ ಕೂತೆ. ಫೋನ್ ಬಂತು. ನಿಂತಲ್ಲೇ ಇಂಜಿನ್ ಓಡ್ತಾ ಉಂಟಲ್ಲ, ಬ್ಯಾಟರಿ ಹೋಯ್ತಾ, ಎಲ್ಲಿಯಾದರೂ ತಾಗಿಸಿದ್ಯಾ ಅಂತ ಒಂದೇ ಸಮನೆ ಕೇಳಿದರು.

"ಕಾರಿಗೆ ಎಂತ ಆಗ್ಲಿಲ್ಲ," ಅಂದೆ.

ಈಗ ಕೇಳ್ತಾರೆ, ಈಗ ಕೇಳ್ತಾರೆ ಅಂತ ಕಾದೆ.

"ಹಾಗಾದ್ರೆ ಆಫ್ ಮಾಡು. ಪೆಟ್ರೋಲ್ ದಂಡ."

ಆಫ್ ಮಾಡಿದೆ. ಬಾಗಿಲು ಹಾಕಿದೆ, ಅದು ಅವರಿಗೆ ಗೊತ್ತಾಗಿರಬೇಕು. ಒಳಗೆ ಹೋಗಿ ಒಂದು ಹಿಡಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟೆ. ಅದರ ವರದಿ ಯಾರ ಮೊಬೈಲಿಗೂ ಹೋಗಲಿಲ್ಲ.